ಗೋಬರ್ ಗ್ಯಾಸ್ ಬಗ್ಗಡ ಸೊಪ್ಪಿನ ಮಡಿಗೆ: ಎಷ್ಟು, ಯಾವಾಗ, ಹೇಗೆ?

ಬಯಲು_ಮಡಿ (ಪ್ರಶ್ನೆ)

ಶ್ರೀರಂಗಪಟ್ಟಣ ತಾಲ್ಲೂಕು, ಕೆಂಪು ಮರಳುಮಿಶ್ರಿತ ಮಣ್ಣು, ನಾಲೆ ನೀರು. 2 ಘನ ಮೀಟರಿನ ದೀನಬಂಧು ಮಾದರಿ ಗೋಬರ್ ಗ್ಯಾಸ್ ಪ್ಲಾಂಟ್ ಇದೆ. ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು. 10 ಗುಂಟೆಯಲ್ಲಿ ದಂಟು, ಪಾಲಕ್, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ. ಬಗ್ಗಡವನ್ನು (ಗ್ಯಾಸ್ ಬಿಟ್ಟ ಮೇಲೆ ಟ್ಯಾಂಕಿಂದ ಹೊರಬರೋ ಸಗಣಿ ನೀರು) ಹಾಯಿಸೋ ನೀರಿನ ಜೊತೆ ನೇರವಾಗಿ ಬಿಟ್ಟರೆ ಎಳೆ ದಂಟಿನ ಎಲೆಯಂಚು ಸುಡುತ್ತೆ, ಕೊತ್ತಂಬರಿ ಹಳದಿಗೆ ತಿರುಗುತ್ತೆ. ಬಿಸಿಲಲ್ಲಿ ಒಣಗಿಸಿ ಹಾಕಿದರೆ ಗಿಡ ಏಳೋದೇ ಇಲ್ಲ. ಗುಂಟೆಗೆ ಎಷ್ಟು ಹಾಕಬೇಕು? ಬಿತ್ತನೆಗೆ ಮುಂಚೆಯೋ, ಆಮೇಲೋ?

ಕೆಮ್ಮಣ್ಣು

ನೀವು ಹೇಳಿದ ಎರಡು ತೊಂದರೆಗೂ ಕಾರಣ ಅಮೋನಿಯಾ. ಟ್ಯಾಂಕಿನೊಳಗೆ ಸಗಣಿ ಕೊಳೆಯುವಾಗ ಸಾರಜನಕದ ಒಂದು ಭಾಗ ಅಮೋನಿಯಾ ರೂಪಕ್ಕೆ ಬರುತ್ತೆ. ಹಸಿಯಾಗಿ ಹಾಕಿದರೆ ಎಳೆ ಬೇರು ಸುಡೋದು ಅದೇ, ಬಿಸಿಲಲ್ಲಿ ಒಣಗಿಸಿದರೆ ಗಾಳಿಗೆ ಹೋಗೋದೂ ಅದೇ. ಜೊತೆಗೆ ಟ್ಯಾಂಕಿಂದ ಆಗ ತಾನೇ ಬಂದ ಬಗ್ಗಡದಲ್ಲಿ ಆಮ್ಲಜನಕ ಇರೋದಿಲ್ಲ. ಅದನ್ನು ಒದ್ದೆ ಮಣ್ಣಿಗೆ ಬಿಟ್ಟರೆ ಬೇರಿಗೆ ಉಸಿರು ಕಟ್ಟುತ್ತೆ.

ಈಗ ಲೆಕ್ಕ. ನಿಮ್ಮ ಪ್ಲಾಂಟಿಂದ ದಿನಕ್ಕೆ 90 ಲೀಟರ್‌ಗೂ ಸ್ವಲ್ಪ ಹೆಚ್ಚು ಬಗ್ಗಡ ಬರುತ್ತೆ. ಘನ ಪದಾರ್ಥ 7%, ಅದರಲ್ಲಿ ಸಾರಜನಕ 1.5% ಅಂತ ಹಿಡಿದರೆ 1000 ಲೀಟರಿಗೆ ಸುಮಾರು 1 ಕೆಜಿ ಸಾರಜನಕ. ದಂಟು, ಪಾಲಕ್‌ಗೆ ಎಕರೆಗೆ 40 ಕೆಜಿ ಅಂದರೆ ಗುಂಟೆಗೆ 1 ಕೆಜಿ. ಅರ್ಧವನ್ನು ಬಗ್ಗಡದಿಂದ, ಉಳಿದದ್ದನ್ನು ಕಾಂಪೋಸ್ಟ್‌ನಿಂದ ಕೊಡಿ. ಹಾಗಾದರೆ ಗುಂಟೆಗೆ 500 ಲೀಟರ್, ಅಂದರೆ 4 ಅಡಿ ಅಗಲ 25 ಅಡಿ ಉದ್ದದ ಮಡಿಗೆ 15 ಲೀಟರಿನ ಬಕೆಟ್‌ನಲ್ಲಿ 3. ಅದಕ್ಕಿಂತ ಹೆಚ್ಚು ಒಂದೇ ಸಲ ಸುರಿದರೆ ಮೇಲೆ ಹೆಕ್ಕಳಿಕೆ ಕಟ್ಟಿ ದಂಟಿನಂಥ ಸಣ್ಣ ಬೀಜ ಮೇಲೆ ಬರೋದಿಲ್ಲ.

ಹಾಕಬೇಕಾದ್ದು ಬಿತ್ತನೆಗೆ 12–15 ದಿನ ಮುಂಚೆ, ಸಂಜೆ ಹೊತ್ತು. ಸುರಿದ ಕೂಡಲೇ ಗುದ್ದಲಿಯಿಂದ 3–4 ಇಂಚು ಮಣ್ಣಿಗೆ ಸೇರಿಸಿ. ಬೆಳಿಗ್ಗೆ ನೋಡಿಕೊಳ್ಳೋಣ ಅಂತ ಬಿಟ್ಟರೆ ಅಷ್ಟರಲ್ಲಿ ಸಾರಜನಕದ ಒಂದು ಭಾಗ ಹಾರಿಹೋಗಿರುತ್ತೆ. ಆಮೇಲೆ ಒಂದು ತೆಳು ನೀರು.

15 ದಿನದ ಬಗ್ಗಡ 1400 ಲೀಟರ್. ಇದು ಹೆಚ್ಚುಕಡಿಮೆ 3 ಗುಂಟೆಗೆ ಸಾಕು. 10 ಗುಂಟೆಗೂ ಒಟ್ಟಿಗೆ ಬಿತ್ತಬೇಡಿ, 15 ದಿನಕ್ಕೆ 3 ಗುಂಟೆಯಂತೆ ಸರದಿ ಮಾಡಿ. ಮಾರ್ಕೆಟ್ಟಿಗೂ ಅದೇ ಒಳ್ಳೇದು. ಕಾಯೋ ದಿನಗಳಲ್ಲಿ ಬಗ್ಗಡ ಕೂಡಿಡೋ ಗುಂಡಿಗೆ ತೆಂಗಿನ ಗರಿ ಚಪ್ಪರ ಹಾಕಿ ನೆರಳು ಮಾಡಿ.

ಮಡಿಗೆ ಬಿಡೋ ಮುಂಚೆ ಒಂದು ಪರೀಕ್ಷೆ: 1 ಲೋಟ ಬಗ್ಗಡಕ್ಕೆ 10 ಲೋಟ ನೀರು ಬೆರೆಸಿ ಸೋಸಿ. ಅದರಲ್ಲಿ ಅದ್ದಿದ ಬಟ್ಟೆಯಲ್ಲಿ 25 ಮೆಂತ್ಯ ಕಾಳು, ಬರೀ ನೀರಿನ ಬಟ್ಟೆಯಲ್ಲಿ 25 ಕಾಳು ಸುತ್ತಿಡಿ. ಮೂರನೇ ದಿನ ಬಿಚ್ಚಿ ನೋಡಿ. ಬಗ್ಗಡದ ಬಟ್ಟೆಯಲ್ಲಿ ಬೇರು ಮೊಂಡಾಗಿ, ತುದಿ ಕಂದು ಬಣ್ಣಕ್ಕೆ ತಿರುಗಿದ್ದರೆ ಇನ್ನೂ ಮಾಗಬೇಕು.

ನಾಲೆ_ಏರಿ

ಮೇಲಿನ ಪ್ರಮಾಣ ಸರಿ. ಆದರೆ ಸೊಪ್ಪಿನ ವಿಷಯದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. "ಗ್ಯಾಸ್ ಬಂದ ಮೇಲೆ ಕ್ರಿಮಿ ಎಲ್ಲ ಸತ್ತಿರುತ್ತೆ" ಅನ್ನೋ ನಂಬಿಕೆ ತಪ್ಪು. ನಮ್ಮ ಕಡೆಯ ಮನೆ ಪ್ಲಾಂಟ್‌ಗಳು ಮಣ್ಣಿನ ಉಷ್ಣತೆಯಲ್ಲೇ ನಡೆಯುತ್ತವೆ. ಇ. ಕೋಲೈ, ಸಾಲ್ಮೊನೆಲ್ಲಾದಂಥ ರೋಗ ತರೋ ಬ್ಯಾಕ್ಟೀರಿಯಾ ಕಡಿಮೆ ಆಗುತ್ತವೆ, ಪೂರ್ತಿ ಹೋಗೋದಿಲ್ಲ. ಪಾಯಿಖಾನೆ ಜೋಡಿಸಿದ ಪ್ಲಾಂಟಾದರೆ ಜಂತುಹುಳದ ಮೊಟ್ಟೆ ಉಳಿದೇ ಇರುತ್ತೆ. ಆ ಬಗ್ಗಡ ಸೊಪ್ಪಿಗೆ ಬೇಡವೇ ಬೇಡ, ತೆಂಗಿಗೋ ಹೆಬ್ಬೇವಿಗೋ ಬಿಡಿ.

ಕೊತ್ತಂಬರಿ, ಪುದೀನ ಹಸಿಯಾಗೇ ತಿನ್ನೋದು. ಅಮೆರಿಕದ ಸಾವಯವ ನಿಯಮದಲ್ಲಿ ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರ ಹಾಕಿ 120 ದಿನ ಆಗೋ ತನಕ ಕುಯ್ಯುವಂತಿಲ್ಲ. 40 ದಿನದ ಕೊತ್ತಂಬರಿಗೆ ಅದು ಆಗದ ಮಾತು. ಹಾಗಾಗಿ ಇಂಥ ಸೊಪ್ಪಿಗೆ ಹಸಿ ಬಗ್ಗಡ ಬಿಟ್ಟು, ಬಿಸಿ ಏರಿಸಿದ ಕಾಂಪೋಸ್ಟ್ ಮಾತ್ರ ಕೊಡಿ.

ಮಾಡೋದು ಹೀಗೆ. ಕಬ್ಬಿನ ತರಗು 100 ಕೆಜಿ, 3–4 ಇಂಚಿಗೆ ಕತ್ತರಿಸಿದ್ದು. ಹಸಿ ಗ್ಲಿರಿಸಿಡಿಯಾ ಅಥವಾ ಹೊಂಗೆ ಸೊಪ್ಪು 100 ಕೆಜಿ. ಬಗ್ಗಡ 100 ಲೀಟರ್. ಪದರ ಪದರವಾಗಿ ಹಾಕಿ ನೆಲದ ಮೇಲೆ 4 ಅಡಿ ಎತ್ತರದ ರಾಶಿ ಮಾಡಿ, ಗುಂಡಿಯಲ್ಲಿ ಬೇಡ. ಬಗ್ಗಡದಲ್ಲಿ ಬೇಗ ಕೊಳೆಯೋ ಅಂಶ ಬಹುಪಾಲು ಗ್ಯಾಸಾಗಿ ಹೋಗಿರೋದರಿಂದ ಅದೊಂದೇ ಬಿಸಿ ಏರೋದಿಲ್ಲ. ಶಾಖ ಬರೋದು ಹಸಿ ಸೊಪ್ಪಿಂದ. ಬರೀ ತರಗು–ಬಗ್ಗಡ ಹಾಕಿದ ರಾಶಿ ತಣ್ಣಗೇ ಕೂತಿರೋದು ಇದಕ್ಕೇ. ಹಿಡಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣುವಷ್ಟು ತೇವ ಸಾಕು.

ರಾಶಿಯ ನಡುವೆ 55 ಡಿಗ್ರಿ ಸೆಲ್ಸಿಯಸ್ ಬಿಸಿ 15 ದಿನ ಪೂರ್ತಿ ನಿಲ್ಲಬೇಕು, ಅಷ್ಟರಲ್ಲಿ 5 ಸಲ ಮಗುಚಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳನ್ನು ನಡುವಿಗೆ ತೂರಿಸಿ 10 ನಿಮಿಷ ಬಿಟ್ಟು ಎಳೆಯಿರಿ, ಕೈಯಲ್ಲಿ ಹಿಡಿಯಲಾಗಬಾರದು. ಬಗ್ಗಡ ಸೇರಿಸೋದಿದ್ದರೆ ಮೊದಲ ಎರಡು ಮಗುಚುವಿಕೆಯಲ್ಲಿ ಮಾತ್ರ, 15 ದಿನದ ಲೆಕ್ಕ ಅಲ್ಲಿಂದ ಶುರು. ಆಮೇಲೆ ಬರೀ ನೀರು. ಕೊನೆಯಲ್ಲಿ ಬಗ್ಗಡ ಚಿಮುಕಿಸಿದರೆ ಕ್ರಿಮಿಯನ್ನು ಮತ್ತೆ ಒಳಗೆ ಬಿಟ್ಟಂತೆ. ಬಿಸಿ ಇಳಿದ ಮೇಲೆ ಒಂದೂವರೆ–ಎರಡು ತಿಂಗಳು ಮಾಗಲಿ.

ಇನ್ನೊಂದು: ಕಂತೆ ಕಟ್ಟಿ ನಾಲೆಯಲ್ಲಿ ಅದ್ದಿ ಗಾಡಿಗೇರಿಸೋ ಅಭ್ಯಾಸ ನಿಲ್ಲಬೇಕು. ಮೇಲಿನ ಊರುಗಳ ಕೊಳಕೆಲ್ಲ ಆ ನೀರಲ್ಲಿರುತ್ತೆ. ಕೊನೆಯ ತೊಳೆತ ಬೋರ್ ನೀರಲ್ಲೇ ಆಗಲಿ.

ಬಯಲು_ಮಡಿ

ಪಾಯಿಖಾನೆ ಜೋಡಿಸಿಲ್ಲ. ಬೇಯಿಸಿ ತಿನ್ನೋ ದಂಟು, ಪಾಲಕ್‌ಗೆ ಬೆಳೆ ನಡುವೆ ಕೊಡಬಹುದಾ? ಡ್ರಿಪ್‌ನಲ್ಲಿ ಬಿಟ್ಟರೆ?

ಕೆಮ್ಮಣ್ಣು

ದಂಟಿಗೆ ಒಂದೇ ಸಲ, ಮೊಳೆತ 10–12ನೇ ದಿನ. 1 ಪಾಲು ಬಗ್ಗಡ, 3 ಪಾಲು ನೀರು. ಗೋಣಿಯಲ್ಲಿ ಸೋಸಿ, ಮೂತಿ ತೆಗೆದ ಕ್ಯಾನಿನಿಂದ ಸಾಲಿನ ನಡುವಿನ ಗೀರಿಗೆ ಹುಯ್ದು ಮಣ್ಣು ಮುಚ್ಚಿ. ಎಲೆಗೆ ತಾಗಬಾರದು, ಸ್ಪ್ರೇ ಅಂತೂ ಕೂಡದು. ಪಾಲಕ್ ಕುಯ್ದ ಮೇಲೆ ಮತ್ತೆ ಚಿಗುರುತ್ತಲ್ಲ, ಅಲ್ಲಿ ಕೂಳೆ ಮೇಲೆ ಹಸಿ ಬಗ್ಗಡ ಬೇಡ, ಸಾಲಿನ ನಡುವೆ ಕಾಂಪೋಸ್ಟ್ ಉದುರಿಸಿ.

ಎಲೆ ಕಡುಹಸಿರಾಗಿ ಅಗಲವಾಗಿದ್ದರೆ ಇನ್ನು ಕೊಡಬೇಡಿ. ದಂಟು, ಪಾಲಕ್ ಎರಡೂ ಹೆಚ್ಚಾದ ಸಾರಜನಕವನ್ನು ನೈಟ್ರೇಟ್ ಆಗಿ ಎಲೆಯಲ್ಲೇ ಕೂಡಿಟ್ಟುಕೊಳ್ಳುತ್ತವೆ. ಸೊಪ್ಪು ಮೆತ್ತಗಾಗಿ ಸಸ್ಯಹೇನು ಹತ್ತುತ್ತೆ, ಮಾರ್ಕೆಟ್ ಮುಟ್ಟೋದರೊಳಗೆ ಬಾಡುತ್ತೆ.

ನಾಲೆ_ಏರಿ

ಡ್ರಿಪ್ ಬೇಡ ಅನ್ನೋದೇ ನನ್ನ ಅಭಿಪ್ರಾಯ. ಸಗಣಿಯ ನಾರು ಡ್ರಿಪ್‌ನ 120 ಮೆಶ್ ಡಿಸ್ಕ್ ಫಿಲ್ಟರನ್ನು ಬೇಗ ಕಟ್ಟಿಸುತ್ತೆ, ದಾಟಿದ ಲೋಳೆ ಎಮಿಟರ್ (ನೀರು ತೊಟ್ಟಿಕ್ಕೋ ತೂತು) ಒಳಗೆ ಕೂರುತ್ತೆ. ಬಿಡಲೇಬೇಕಾದರೆ ಎರಡು ದಿನ ತಿಳಿಯಾಗಲು ಬಿಟ್ಟು ಮೇಲಿನ ತಿಳಿ ಮಾತ್ರ ತಗೊಂಡು, ಸೊಳ್ಳೆಪರದೆ ಬಟ್ಟೆಯಲ್ಲಿ ಸೋಸಿ. ಮುಗಿದ ಮೇಲೆ ಅರ್ಧ ಗಂಟೆ ಬರೀ ನೀರು ಓಡಿಸಿ, ಲ್ಯಾಟರಲ್ (ಸಾಲಿನ ಸಣ್ಣ ಪೈಪು) ತುದಿ ಬಿಚ್ಚಿ ತೊಳೆಯಿರಿ.

ಬಗ್ಗಡ ಹುಳಿ ವಾಸನೆ ಹೊಡೆದರೆ, ನೊಣ ಮುತ್ತಿದರೆ ತಪ್ಪು ಮಡಿಯಲ್ಲಿಲ್ಲ, ಟ್ಯಾಂಕಲ್ಲಿದೆ. ನಮ್ಮ ಭಾಗಕ್ಕೆ ಸಗಣಿ ಒಳಗೆ 40 ದಿನ ಇರಬೇಕು ಅನ್ನೋ ಲೆಕ್ಕದಲ್ಲಿ ಪ್ಲಾಂಟ್ ಕಟ್ಟಿರುತ್ತಾರೆ. ದಿನಕ್ಕೆ 100 ಕೆಜಿ ತುಂಬಿದರೆ 20 ದಿನಕ್ಕೇ ಅರೆಬೆಂದು ಹೊರಬರುತ್ತೆ. ಒಂದು ವಾರ ತುಂಬೋದು ನಿಲ್ಲಿಸಿ, ಆಮೇಲೆ ಅರ್ಧ ಪ್ರಮಾಣದಿಂದ ಶುರು ಮಾಡಿ. ಅರೆಬೆಂದು ಬಂದ ಬಗ್ಗಡವನ್ನು ಕಾಂಪೋಸ್ಟ್ ರಾಶಿಗೆ ಹಾಕಿ.