ಅಪ್‌ಡೇಟ್: ಆಸ್ಟ್ರೇಲಿಯಾದ 189 ವೀಸಾ ಮತ್ತು ವಯಸ್ಸಿನ ಅಂಕಗಳು

33 ತುಂಬುವ ಮೊದಲೇ ಆಸಕ್ತಿ ಪತ್ರ (ಅರ್ಜಿ ಹಾಕಲು ಆಹ್ವಾನ ಕೋರುವ ಪತ್ರ) ಸಲ್ಲಿಸಿದರೆ, ನುರಿತ ಕೆಲಸಗಾರರಿಗೆ ಅಂಕಗಳ ಆಧಾರದಲ್ಲಿ ಕಾಯಂ ವಾಸಕ್ಕೆ ಕೊಡುವ ಆಸ್ಟ್ರೇಲಿಯಾದ 189 ವೀಸಾಕ್ಕೆ ವಯಸ್ಸಿನ 30 ಅಂಕಗಳು ಉಳಿಯುತ್ತವೆಯೇ ಎಂದು ಹಿಂದೆ ಕೇಳಿದ್ದೆ. ಉಳಿಯುವುದಿಲ್ಲ. ವಯಸ್ಸನ್ನು ಲೆಕ್ಕ ಹಾಕುವುದು ಪತ್ರ ಸಲ್ಲಿಸಿದ ದಿನಕ್ಕಲ್ಲ, ಆಹ್ವಾನ ಬಂದ ದಿನಕ್ಕೆ. ಹೀಗಾಗಿ ಕಾಯುತ್ತಿರುವಾಗಲೇ ಹುಟ್ಟುಹಬ್ಬ ಬಂದು (ಈ ಬಾರಿ ಸಿಹಿ ಹಂಚುವ ಮನಸ್ಸೇ ಆಗಲಿಲ್ಲ) 30 ಇದ್ದದ್ದು 25 ಆಯಿತು. ಏಳು ವರ್ಷಗಳ ಅನುಭವದಲ್ಲಿ ಕೌಶಲ ಮೌಲ್ಯಮಾಪನದವರು ಮೊದಲ ಎರಡನ್ನು ಕಳೆದು ಐದನ್ನಷ್ಟೇ ಒಪ್ಪಿದ್ದರಿಂದ ಅದಕ್ಕೆ 10 ಅಂಕ. ನಿಮ್ಮಲ್ಲಿ ಕೆಲವರು ಸೂಚಿಸಿದಂತೆ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯನ್ನು ಮತ್ತೆ ಬರೆದು ನಾಲ್ಕೂ ವಿಭಾಗಗಳಲ್ಲಿ 8 ಪಡೆದ ಮೇಲೆ ಇಂಗ್ಲಿಷಿನ ಅಂಕ 10ರಿಂದ 20ಕ್ಕೇರಿತು. ಪದವಿಗೆ 15, ಅವಿವಾಹಿತನಾದ್ದರಿಂದ 10 ಸೇರಿ ಈಗ ಒಟ್ಟು 80. ರಾಜ್ಯದ ನಾಮನಿರ್ದೇಶನಕ್ಕೆ 5 ಅಂಕ ಸಿಗುವ 190 ವೀಸಾಕ್ಕೂ ಆಸಕ್ತಿ ಸೂಚಿಸಿದ್ದೇನೆ. ಆಹ್ವಾನ ಇನ್ನೂ ಬಂದಿಲ್ಲ.