‘ಹೋಮೋಫೋಬಿಕ್ ಬುಲ್ಲಿಯಿಂಗ್’: ಶಾಲೆಯ ನೋಟಿಸಿನಲ್ಲಿ ಕನ್ನಡದಲ್ಲಿ ಏನಂತ ಬರೆಯೋಣ?

ಬಳಗದವರಿಗೆ ನಮಸ್ಕಾರ.

ಧಾರವಾಡದ ಒಂದು ಹೈಸ್ಕೂಲಿಗೆ ಮಕ್ಕಳ ಸುರಕ್ಷತೆಯ ನಿಯಮಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಉಳಿದ ಕಲಮುಗಳು ಸಲೀಸಾಗಿ ಮುಗಿದವು. ‘ಹೋಮೋಫೋಬಿಕ್ ಬುಲ್ಲಿಯಿಂಗ್’ ಎಂಬ ಈ ಒಂದು ಮಾತಿನ ಹತ್ತಿರ ಕೆಲಸ ನಿಂತಿದೆ. ತನ್ನದೇ ಲಿಂಗದವರ ಮೇಲೆ ಮನಸ್ಸಿರುವವನು, ಅಂದರೆ ಸಲಿಂಗಿ, ಎಂದು ಹೀಯಾಳಿಸಿ ಮಗುವನ್ನು ಗೋಳು ಹೊಯ್ದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ. ನೋಟಿಸ್ ಬೋರ್ಡಿನಲ್ಲಿ ಪಾಲಕರು ಓದಿದರೆ ಅವರಿಗೆ ಅರ್ಥವಾಗಬೇಕು, ಏಳನೇ ತರಗತಿಯ ಹುಡುಗನಿಗೂ ಅರ್ಥವಾಗಬೇಕು.

ಮೊದಲು ‘ಬುಲ್ಲಿಯಿಂಗ್’. ‘ದಬ್ಬಾಳಿಕೆ’ ಎಂದರೆ ಸರ್ಕಾರವೋ ಸಾಹುಕಾರನೋ ನೆನಪಾಗುತ್ತಾನೆ. ‘ರ‍್ಯಾಗಿಂಗ್’ ಕಾಲೇಜಿನದು. ‘ಚುಡಾಯಿಸುವುದು’ ಹುಡುಗಿಯರ ಬೆನ್ನು ಹತ್ತುವವರಿಗೆ ಮೀಸಲು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೂಡದು ಎನ್ನುತ್ತದೆ. ಆದರೆ ‘ಕಿರುಕುಳ’ ಅಂದ ಕೂಡಲೇ ನಮ್ಮ ಜನಕ್ಕೆ ಕೇಳಿಸುವುದು ವರದಕ್ಷಿಣೆ ಕೇಸು!

ಮಕ್ಕಳನ್ನೇ ಕೇಳಿದರೆ ಉತ್ತರ ಸಿಗುತ್ತದೆ. “ಅಕ್ಕೋರ, ಇವ್ರು ನನ್ನ ಕಾಡಸ್ತಾರ್ರಿ” ಎನ್ನುತ್ತದೆ ಒಂದು ಮಗು. “ಸುಮ್ನ ಮಶ್ಕಿರಿ ಮಾಡೇವ್ರಿ” ಎನ್ನುತ್ತಾರೆ ಇನ್ನುಳಿದವರು. ಇಡೀ ತಕರಾರು ಈ ಎರಡು ಮಾತುಗಳ ನಡುವೆಯೇ ಇದೆ. ಮಶ್ಕಿರಿಗೆ ಇಬ್ಬರೂ ನಗುತ್ತಾರೆ, ಅಲ್ಲಿಗೆ ಮುಗಿಯಿತು. ಕಾಡುವುದು ಮುಗಿಯುವುದಿಲ್ಲ, ಜ್ವರ ಕಾಡಿದ ಹಾಗೆ. ಇಂಗ್ಲೆಂಡಿನ ಶಿಕ್ಷಣ ಇಲಾಖೆ 2017ರಲ್ಲಿ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯೂ ಬೇಕಂತಲೇ, ಪದೇಪದೇ ನೋಯಿಸುವುದನ್ನು ಬುಲ್ಲಿಯಿಂಗ್ ಎನ್ನುತ್ತದೆ. ಆ ‘ಪದೇಪದೇ’ ನಮ್ಮ ‘ಕಾಡಿಸು’ ಒಳಗೇ ಇದೆ. ಹಾಗಾಗಿ ನನ್ನ ಓಟು ‘ಕಾಡಿಸುವುದು’ ಎಂಬುದಕ್ಕೆ.

ಕಷ್ಟ ಇರುವುದು ‘ಹೋಮೋಫೋಬಿಕ್’ನಲ್ಲಿ. ‘ಸಲಿಂಗಭೀತಿ’ ಎಂದು ಬರೆಯುವವರಿದ್ದಾರೆ. ಮೂಲದಲ್ಲಿ ಅದು ಭೀತಿಯೇ ಇರಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ವೈನ್‌ಬರ್ಗ್ ಈ ಪದ ಕಟ್ಟಿದ್ದು ಆ ಅರ್ಥದಲ್ಲೇ, 1972ರ ತಮ್ಮ ಪುಸ್ತಕದಿಂದ ಅದನ್ನು ಜನರ ಬಾಯಿಗೆ ತಂದರು. ಆದರೆ ಹಿಂದಿನ ಬೆಂಚಿನಲ್ಲಿ ಕೂತು ‘ಹೆಣ್ಣಿಗ’ ಎಂದು ಕೂಗುವವನ ಮುಖದಲ್ಲಿ ಭೀತಿ ಎಲ್ಲಿದೆ? ಭೀತಿ ಇರುವುದು ಆ ಕಡೆಯ ಹುಡುಗನಿಗೆ. ‘ಸಲಿಂಗದ್ವೇಷ’ ಕೊಂಚ ವಾಸಿ. ‘ಸಲಿಂಗಕಾಮಿ’ ಎಂಬ ಮಾತಂತೂ ಶಾಲೆಯ ಗೋಡೆಗೆ ಬೇಡ. ಅದರಲ್ಲಿರುವ ‘ಕಾಮ’ ಒಂದೇ ಸಾಕು, ಪಾಲಕರ ಸಭೆ ಕೆಡುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಕಾಡಿಸಿಕೊಳ್ಳುವ ಮಗು ಸಲಿಂಗಿಯೇ ಆಗಿರಬೇಕಿಲ್ಲ. ದನಿ ಮೆತ್ತಗಿರುತ್ತದೆ, ರಂಗೋಲಿ ಚಂದ ಹಾಕುತ್ತಾನೆ, ಕಬಡ್ಡಿಗೆ ಬರುವುದಿಲ್ಲ, ಅಷ್ಟೇ. ಹುಡುಗಿಯಾದರೆ ‘ಗಂಡುಬೀರಿ’. ಮರಾಠಿ ಗಾಳಿ ಬೀಸುವ ಊರುಗಳಲ್ಲಿ ‘ಬಾಯ್ಲ್ಯಾ’. ‘ಛಕ್ಕಾ’ ಎಲ್ಲ ಕಡೆಗೂ ಇದೆ. ನಮ್ಮ ಭಾಗದಲ್ಲಿ ‘ಜೋಗಪ್ಪ’ ಎಂದೂ ಕೂಗುತ್ತಾರೆ; ಗಂಡಾಗಿ ಹುಟ್ಟಿ, ಯಲ್ಲಮ್ಮನಿಗೆ ಮುಡಿಪಾಗಿ ಸೀರೆ ಉಟ್ಟು ಬದುಕುವವರ ಹೆಸರದು. ಇದು ನನಗೆ ಜಾಸ್ತಿ ಬೇಜಾರು ತರುವ ಮಾತು. ಸವದತ್ತಿ ಯಲ್ಲಮ್ಮನ ಹುಣ್ಣಿಮೆಗೆ ಕೊಡ ಹೊತ್ತು ಬಂದ ಜೋಗಪ್ಪನಿಗೆ ಅದೇ ಮನೆಯವರು ಕೈ ಮುಗಿಯುತ್ತಾರೆ, ಅಲ್ವಾ? ಅದೇ ಪರಂಪರೆಯ ಜೋಗತಿ ಮಂಜಮ್ಮನವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಸೋಮವಾರ ತರಗತಿಯಲ್ಲಿ ಮಾತ್ರ ಅದೇ ಹೆಸರು ಬೈಗುಳ.

ಇಂಗ್ಲೆಂಡಿನ ಆ ಮಾರ್ಗಸೂಚಿಯಲ್ಲಿ ಇದಕ್ಕೊಂದು ಜಾಗ ಇದೆ. ವ್ಯತ್ಯಾಸ ನಿಜವಾಗಿ ಇರಲಿ, ಇದೆ ಅಂತ ಬೇರೆಯವರು ಅಂದುಕೊಂಡಿರಲಿ, ಎರಡನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಶಾಲೆಯಲ್ಲಿ ಸಲಿಂಗ ಸಂಬಂಧವನ್ನು ‘ಪ್ರಚಾರ’ ಮಾಡಬಾರದು ಎಂದು ಸ್ಥಳೀಯ ಸಂಸ್ಥೆಗಳಿಗೆ 1988ರಲ್ಲಿ ಕಾನೂನು ಹಾಕಿ, 2003ರಲ್ಲಿ ತೆಗೆದ ದೇಶ ಅದು. ಈ ಮಾತಿಗೆ ಬರಲು ಅವರಿಗೂ ಹೊತ್ತು ಹಿಡಿದಿದೆ.

ನಮ್ಮಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2016ರಲ್ಲಿ ರ‍್ಯಾಗಿಂಗ್ ನಿಯಮಕ್ಕೆ ತಿದ್ದುಪಡಿ ತಂದು ಲೈಂಗಿಕ ಒಲವನ್ನೂ ಸೇರಿಸಿತು. ಅದು ಕಾಲೇಜಿಗಷ್ಟೇ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಶಾಲೆಗಳಿಗೂ ತಾಗುತ್ತದೆ, ಭೇದ ಮಾಡದೆ ಕಲಿಸಬೇಕು ಎನ್ನುತ್ತದೆ. ಟ್ರಾನ್ಸ್‌ಜೆಂಡರ್ ಮಕ್ಕಳ ಬಗ್ಗೆ, ಶಾಲೆಯ ಪಠ್ಯಪುಸ್ತಕ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2021ರಲ್ಲಿ ಶಿಕ್ಷಕರಿಗೊಂದು ಕೈಪಿಡಿ ತಂದು, ಆಕ್ಷೇಪ ಬಂದ ಮೇಲೆ ವೆಬ್‌ಸೈಟಿನಿಂದ ಇಳಿಸಿಬಿಟ್ಟಿತು.

ಹಾಗಾಗಿ ಒಂದು ಪದ ಹುಡುಕುವುದನ್ನು ಬಿಟ್ಟು ಪೂರ್ತಿ ವಾಕ್ಯವನ್ನೇ ಬರೆದಿದ್ದೇನೆ:

“ಹುಡುಗನ ಹಾಗಿಲ್ಲ, ಹುಡುಗಿಯ ಹಾಗಿಲ್ಲ ಎಂದು, ಅಥವಾ ಯಾರ ಮೇಲೆ ಮನಸ್ಸಿದೆ ಎಂಬ ನೆಪ ಹಿಡಿದು, ಯಾವ ಮಗುವನ್ನೂ ಕಾಡಿಸಬಾರದು. ಆ ಮಾತು ನಿಜವೇ ಎಂದು ಶಾಲೆ ಮಗುವನ್ನು ಕೇಳುವುದಿಲ್ಲ.”

ಎರಡನೇ ವಾಕ್ಯ ಕೈಬಿಡಿ, ಉದ್ದವಾಯಿತು ಎಂದು ಸಮಿತಿಯವರು ಹೇಳುತ್ತಿದ್ದಾರೆ. ನಾನು ಬಿಡುವುದಿಲ್ಲ. ದೂರು ಕೊಟ್ಟರೆ “ಮತ್ತ ನೀ ಹಂಗ ಇದ್ದೀಯೇನು?” ಎಂದು ಮಾಸ್ತರರು ಕೇಳುತ್ತಾರೆ ಎಂಬ ಹೆದರಿಕೆಗೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ.

ಈಗ ನಿಮಗೆ ಕೇಳುವುದು ಇಷ್ಟು. ‘ಯಾರ ಮೇಲೆ ಮನಸ್ಸಿದೆ’ ಎಂಬುದು ನೋಟಿಸಿಗೆ ತೀರಾ ಸಡಿಲವಾಯಿತೇ? ‘ಲೈಂಗಿಕ ಒಲವು’ ಎಂದರೆ ಖಚಿತ, ಆದರೆ ಹನ್ನೆರಡು ವರ್ಷದ ಮಗುವಿಗೆ ಏನು ತಿಳಿದೀತು? ಹಾವೇರಿ, ಗದಗ ಕಡೆಯವರು ಹೇಳಿ: ನಿಮ್ಮ ಮಕ್ಕಳೂ ‘ಕಾಡಿಸು’ ಎಂದೇ ಹೇಳುತ್ತಾರೋ, ಬೇರೆ ಮಾತಿದೆಯೋ? ನೋಟಿಸ್ ಮುಂದಿನ ವಾರ ಅಚ್ಚಿಗೆ ಹೋಗಬೇಕು.