ಮೇಫ್ಲವರ್‌ನ ರಿಚರ್ಡ್ ವಾರೆನ್: ಅಪ್ಪ ಅಮ್ಮ ಯಾರು ಅನ್ನೋದಕ್ಕೆ ದಾಖಲೆ ಇದೆಯಾ?

ಪ್ರಶ್ನೆ:
ನಮ್ಮ ಸೊಸೆ ಅಮೆರಿಕದವಳು. ಅವಳ ತಾಯಿ ಕಡೆಯ ವಂಶ 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಪ್ಲಿಮತ್ ವಸಾಹತಿಗೆ ಬಂದ ರಿಚರ್ಡ್ ವಾರೆನ್‌ವರೆಗೂ ಹೋಗುತ್ತದೆ, ಅಲ್ಲಿಯವರೆಗಿನ ಎಲ್ಲ ತಲೆಮಾರಿಗೂ ದಾಖಲೆ ಇದೆ. ಮೊಮ್ಮಗಳಿಗೆ ಎರಡೂ ಮನೆಯ ವಂಶಾವಳಿ ಬರೆದಿಡಬೇಕು ಅಂತ ಆಸೆ. ಆನ್‌ಲೈನ್ ವಂಶವೃಕ್ಷಗಳಲ್ಲಿ ಗ್ರೀನಿಚ್‌ನ ಕ್ರಿಸ್ಟೋಫರ್ ವಾರೆನ್ ಇವನ ಅಪ್ಪ ಅಂತ ಹಾಕಿ, ಹಾಗೇ ಮೇಲೇರಿ 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಕಾಲದ ಶ್ರೀಮಂತ ವಿಲಿಯಂ ಡಿ ವಾರೆನ್‌ಗೆ ಸೇರಿಸಿದ್ದಾರೆ. ಇದನ್ನು ನಂಬಬಹುದಾ?

ಉತ್ತರ 1:
ದಯವಿಟ್ಟು ಸೇರಿಸಬೇಡಿ. ಅವನ ಅಪ್ಪ ಅಮ್ಮ ಯಾರೆಂದು ಹೇಳುವ ಒಂದು ದಾಖಲೆಯೂ ಇಲ್ಲ. 1622ರಲ್ಲಿ ಅಚ್ಚಾದ ಪ್ಲಿಮತ್‌ನ ವರದಿ ಅವನನ್ನು ಲಂಡನ್‌ನವನು ಅನ್ನುತ್ತದೆ, ಅಷ್ಟೇ. ಇಂಗ್ಲೆಂಡಿನ ಚರ್ಚುಗಳಲ್ಲಿ 1538ರಿಂದ ಜ್ಞಾನಸ್ನಾನ, ಮದುವೆ, ಶವಸಂಸ್ಕಾರ ಬರೆದಿಡಬೇಕೆಂಬ ಆಜ್ಞೆ ಇತ್ತು, ನಿಜ. ಆದರೆ ರಿಚರ್ಡ್, ವಾರೆನ್ ಎರಡೂ ಅಲ್ಲಿ ತೀರಾ ಸಾಮಾನ್ಯ ಹೆಸರು. ಹೆಸರು ಹೊಂದಿತು ಅಂತ ಯಾರನ್ನೋ ಅಪ್ಪ ಮಾಡಿದರೆ ಆ ಮಗು ಬೇರೆ ಯಾರದೋ ವಂಶ ಓದಿಕೊಂಡು ಬೆಳೆಯುತ್ತದೆ, ಅಲ್ವಾ?

ಅವನ ಹೆಂಡತಿ ಎಲಿಜಬೆತ್‌ಳ ತವರು ಹೇಗೆ ಸಿಕ್ಕಿತು ಅನ್ನೋದನ್ನು ನೋಡಿ. ಹರ್ಟ್‌ಫರ್ಡ್‌ಶೈರ್‌ನ ಗ್ರೇಟ್ ಆಮ್‌ವೆಲ್ ಚರ್ಚಿನಲ್ಲಿ 1610ರ ಏಪ್ರಿಲ್ 14ರಂದು ರಿಚರ್ಡ್ ವಾರೆನ್‌ಗೂ ಎಲಿಜಬೆತ್ ವಾಕರ್‌ಗೂ ಮದುವೆಯಾಗಿತ್ತು. ಅದೊಂದೇ ಇದ್ದಿದ್ದರೆ ಅದೂ ಬರೀ ಹೆಸರಿನ ಹೊಂದಾಣಿಕೆ. ಆದರೆ ಅಗಸ್ಟಿನ್ ವಾಕರ್ 1613ರಲ್ಲಿ ಬರೆಸಿದ ಉಯಿಲಿನಲ್ಲಿ ಮಗಳು ಎಲಿಜಬೆತ್ ವಾರೆನ್, ಅವಳ ಮಕ್ಕಳು ಮೇರಿ, ಆನ್, ಸಾರಾ ಅಂತ ಇದೆ. ಪ್ಲಿಮತ್‌ನ ದನಕರುಗಳನ್ನು ಅಲ್ಲಿನ ಮನೆಮಂದಿಗೆಲ್ಲ ಹಂಚಿದಾಗ ಹೆಸರು ಬರೆದ 1627ರ ಪಟ್ಟಿಯಲ್ಲೂ ಹಿರಿಯ ಹೆಣ್ಣುಮಕ್ಕಳು ಮೇರಿ, ಆನಾ, ಸಾರಾ! ಅದೇ ಮೂರು ಹೆಸರು. ಇದು ಸುಮ್ನೆ ಕಾಕತಾಳೀಯ ಅಲ್ಲ. ಗಂಡಸಿನ ಹೆಸರು ಹಿಡಿದುಕೊಂಡು ಹುಡುಕಿದಾಗ ಸಿಗದಿದ್ದದ್ದು ಮಾವನ ಉಯಿಲಿನಲ್ಲಿ ಸಿಕ್ಕಿತು, ಅದೂ 21ನೇ ಶತಮಾನಕ್ಕೆ ಬಂದ ಮೇಲೆ.

ಉತ್ತರ 2:
ಡಿಎನ್‌ಎ ಬಗ್ಗೆಯೂ ಒಂದು ಮಾತು. ಗಂಡು ವಂಶದ ಜಾಡು ಹಿಡಿಯಲು ನೋಡುವ ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಹಾಗಾಗಿ ನಿಮ್ಮ ಸೊಸೆಯ ಪರೀಕ್ಷೆಯಿಂದ ರಿಚರ್ಡ್‌ನ ಅಪ್ಪನ ವಂಶ ತಿಳಿಯುವುದಿಲ್ಲ. ವಾರೆನ್‌ನ ಗಂಡುಮಕ್ಕಳಾದ ನಥಾನಿಯಲ್, ಜೋಸೆಫ್ ಇವರಿಂದ ಗಂಡುಸಂತತಿಯಲ್ಲೇ ಇಳಿದು ಬಂದವರು ಬೇಕು, ಜೊತೆಗೆ ಇಂಗ್ಲೆಂಡಿನಲ್ಲಿ ಗಟ್ಟಿ ದಾಖಲೆ ಇರುವ ವಾರೆನ್ ಕುಟುಂಬವೂ ಬೇಕು. ಎರಡೂ ತಾಳೆಯಾದರೂ ಒಂದೇ ಮೂಲ ಅಂತ ಗೊತ್ತಾಗುತ್ತದೆ, ಅಪ್ಪನ ಹೆಸರು ಗೊತ್ತಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲಿಜಬೆತ್ 1673ರಲ್ಲಿ ತೀರಿಕೊಂಡಾಗ 90 ದಾಟಿತ್ತು ಅಂತ ಪ್ಲಿಮತ್ ದಾಖಲೆಯಲ್ಲಿದೆಯಂತೆ. ಹುಟ್ಟಿದ ವರ್ಷ 1583 ಅಂತ ಹಾಕಲಾ?

ಉತ್ತರ 1:
ಖಚಿತ ಅಂತ ಹಾಕಬೇಡಿ. ಆ ಲೆಕ್ಕದಲ್ಲಿ ಕೊನೆಯ ಮಗ ಜೋಸೆಫ್ ಹುಟ್ಟಿದಾಗ ಅವಳಿಗೆ 40 ದಾಟಿರಬೇಕು. ಆಗದ ಮಾತೇನಲ್ಲ, ಆದರೆ ಆ ಕಾಲದವರು ಮುದುಕರ ವಯಸ್ಸನ್ನು ಜಾಸ್ತಿ ಹೇಳುವುದಿತ್ತು. "ಸುಮಾರು 1583, ಸಾವಿನ ದಾಖಲೆಯ ಪ್ರಕಾರ" ಅಂತ ಬರೆಯಿರಿ. ಅವಳ ಅಪ್ಪ ಅಗಸ್ಟಿನ್ ವಾಕರ್ ಅಂತ ಧೈರ್ಯವಾಗಿ ಬರೆದು ಪಕ್ಕದಲ್ಲೇ ಉಯಿಲಿನ ವರ್ಷ ಹಾಕಿ. ರಿಚರ್ಡ್‌ನ ಅಪ್ಪ ಅಮ್ಮನ ಜಾಗ ಖಾಲಿ ಇರಲಿ.